ಏಕಸಂಬಿಯಲ್ಲಿ ಹೊತ್ತು ಮುಳುಗುವ ಮುನ್ನ

ಧಾರವಾಡದಿಂದ ನಸುಕಿನ ಬಸ್ಸಿಗೆ ಹೊರಟಾಗ ನನ್ನ ಚೀಲದಲ್ಲಿ ಮೂರು ಸೀರೆ, ಒಂದು ಶಾಲು, ಸೊಪ್ಪು-ಕಾಳುಗಳ ಚಿತ್ರ ಬರೆದ ಚಾರ್ಟಿನ ಸುರುಳಿ ಇದ್ದವು. ಎಂಬತ್ತರ ದಶಕದ ಕೊನೆಯ ಒಂದು ಡಿಸೆಂಬರ್ ಅದು. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಗೃಹವಿಜ್ಞಾನ ಕಲಿಸುತ್ತಿದ್ದ ನನಗೆ, ಗಡಿಭಾಗದ ಊರುಗಳನ್ನು ಸುತ್ತಿ ಬಸುರಿ-ಬಾಣಂತಿಯರ ಆಹಾರದ ಬಗ್ಗೆ ಮಾತಾಡಿ ಬರುವ ಕೆಲಸ ಹಚ್ಚಿದ್ದರು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ. ಒಟ್ಟು ಆರು ದಿನ. "ಆರು ದಿನಾ ಬರೇ ಮೆಂತೆಪಲ್ಯೆ, ಬೆಲ್ಲಾ ಅಂತ ಭಾಷಣಾ ಹೊಡೀತೀಯೇನು?" ಎಂದು ನನ್ನ ಗಂಡ ಬಸ್ ನಿಲ್ದಾಣದಲ್ಲಿ ನಕ್ಕರು. ನನಗೆ ಸಿಟ್ಟು ಬಂದಿತ್ತು. ಆ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ಆಗ ನಾನು ನಂಬಿದ್ದೆ.

ಹನ್ನೊಂದರ ಹೊತ್ತಿಗೆ ನಿಪ್ಪಾಣಿ. ಬಸ್ಸಿನಿಂದ ಇಳಿಯುವ ಮೊದಲೇ ತಂಬಾಕಿನ ಘಾಟು ಮೂಗಿಗೆ ಬಡಿದು ನಾಲ್ಕು ಸೀನು ಬಂದವು. ಬೀಡಿ ಕಟ್ಟುವ ಹೆಂಗಸರು ಒಂದು ಓಣಿಯ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಕೂತಿದ್ದರು. ಮಾತಿನ ನಡುವೆ ಮಾಲವ್ವ ಎಂಬ ತುಂಬು ಬಸುರಿ ಸಣ್ಣ ಡಬ್ಬಿ ತೆಗೆದು, ಕರೀ ಪುಡಿಯನ್ನು ಬೆರಳಿಗೆ ಹಚ್ಚಿ ಹಲ್ಲು ತಿಕ್ಕತೊಡಗಿದಳು. ಹಲ್ಲುಪುಡಿ ಇರಬೇಕೆಂದುಕೊಂಡೆ. ಅದು ಮಿಶ್ರಿ, ತಂಬಾಕನ್ನು ಹೆಂಚಿನ ಮೇಲೆ ಕರ್ರಗೆ ಹುರಿದು ಕುಟ್ಟಿದ ಪುಡಿ. ದಿನಕ್ಕೆ ಎಷ್ಟು ಸಲ ಎಂದು ಕೇಳಿದರೆ ಆಕೆ ಲೆಕ್ಕ ಇಟ್ಟಿರಲಿಲ್ಲ.

"ಇದನ್ನ ತಿಕ್ಕಿದ್ರ ಹಸಿವಿ ಗೊತ್ತಾಗುದಿಲ್ರಿ ಅಕ್ಕೋರ. ಬೀಡಿ ಬಿಟ್ಟು ಎದ್ದು ಉಣ್ಣಾಕ ಟೈಮ್ ಎಲ್ಲೈತ್ರಿ?" ಎಂದಳು.

ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ಹಸಿವನ್ನು ಹೊಗೆಸೊಪ್ಪಿನಿಂದ ಮಲಗಿಸುವುದೇ! ನಾನು ಗಾಬರಿಯಾಗಿ ಗಂಟಲು ಹರಿಯುವಂತೆ ಮಾತಾಡಿದೆ. ಅವರು ಕೈ ನಿಲ್ಲಿಸದೆ ಕೇಳಿಸಿಕೊಂಡರು. ಬಡತನ, ಏನು ಮಾಡುವುದು ಎಂದು ನನಗೆ ನಾನೇ ಹೇಳಿಕೊಂಡು ಸಂಜೆಯ ಬಸ್ಸಿಗೆ ಚಿಕ್ಕೋಡಿಗೆ ಹೋದೆ. ಉಣ್ಣುವುದಕ್ಕೆ ಇದ್ದವರ ಮನೆಯಲ್ಲಿ ಇಂಥದ್ದು ಇರುವುದಿಲ್ಲ ಎಂಬುದು ಆ ಸಮಾಧಾನದ ಅರ್ಥ.

ಮರುದಿನ ಚಿಕ್ಕೋಡಿಯಲ್ಲಿ ನರ್ಸ್ ವಿಮಲಾ ಜೊತೆಯಾದಳು. ದುಂಡು ಮುಖದ, ಮಾತು ಕಡಿಮೆಯ ಹುಡುಗಿ. ಇಬ್ಬರೂ ಏಕಸಂಬಿಯ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಕಬ್ಬು ಕಡಿಯುತ್ತಿದ್ದರು. ಎದುರಿಗೆ ಕಬ್ಬಿನ ಗಾಡಿ ಬಂದಾಗಲೆಲ್ಲ ಡ್ರೈವರ್ ಬಸ್ಸನ್ನು ಮಣ್ಣಿಗೆ ಇಳಿಸಿ ನಿಲ್ಲುತ್ತಿದ್ದ. ಏಕಸಂಬಿಯಲ್ಲಿ ನಮಗೆ ಇಳಿದುಕೊಳ್ಳಲು ಚಂಪವ್ವ ಎಂಬ ಜೈನ ಹಿರಿಯಳ ಮನೆ ಗೊತ್ತು ಮಾಡಿದ್ದರು. ಅಂಗಳದಲ್ಲಿ ನಾಲ್ಕು ಎಮ್ಮೆ, ಪಡಸಾಲೆಯಲ್ಲಿ ಶೇಂಗಾದ ಚೀಲ, ಅಟ್ಟದ ಮೇಲೆ ಬೆಲ್ಲದ ಪೆಂಟೆ. ಚಂಪವ್ವನ ಹಿರಿಯ ಮಗ ಅಣ್ಣಾಸಾಹೇಬ, ಅವನ ಇಬ್ಬರು ಮದುವೆಯಾಗದ ತಮ್ಮಂದಿರು, ಅಣ್ಣಾಸಾಹೇಬನ ಹೆಂಡತಿ ಸುನಂದಾ. ಸುನಂದಾಗೆ ಏಳು ತಿಂಗಳು. ಹಿಂದಿನ ವರ್ಷ ಎಂಟಕ್ಕೇ ಹೆರಿಗೆಯಾಗಿ ಕೂಸು ನಾಲ್ಕು ದಿನವಷ್ಟೇ ಬದುಕಿತ್ತೆಂದು ವಿಮಲಾ ದಾರಿಯಲ್ಲೇ ಹೇಳಿದ್ದಳು.

ಮಧ್ಯಾಹ್ನ ಶಾಲೆಯ ಕೋಣೆಯಲ್ಲಿ ಹೆಂಗಸರು ನೆರೆದರು. ನನ್ನ ಭಾಷಣ ಮುಗಿದ ಮೇಲೆ ವಿಮಲಾ ರಕ್ತ ನೋಡುವುದಕ್ಕೆ ಕೂತಳು. ಬೆರಳು ಚುಚ್ಚಿ, ಒಂದು ಹನಿಯನ್ನು ಮಸಿ ಹೀರುವಂಥ ಕಾಗದದ ಮೇಲೆ ಇಟ್ಟು, ಗಾಢ ಕೆಂಪಿನಿಂದ ತೆಳು ಗುಲಾಬಿಯವರೆಗಿನ ಬಣ್ಣದ ಪಟ್ಟಿಯ ಪಕ್ಕ ಹಿಡಿದು ನೋಡುವ ವಿಧಾನ. ಎಲ್ಲರೂ ಹೆದರಿದ್ದರಿಂದ ಮೊದಲು ನಾನೇ ಬೆರಳು ಕೊಟ್ಟೆ. ಆಮೇಲೆ ಚಂಪವ್ವ ಸೊಸೆಯನ್ನು ಮುಂದೆ ತಳ್ಳಿದಳು. ಸುನಂದಾಳ ಹನಿ ಕಾಗದದ ಮೇಲೆ ನೀರು ಬೆರೆಸಿದ ಕುಂಕುಮದಂತೆ ಹರಡಿತು. ವಿಮಲಾ ಪಟ್ಟಿಯ ಕೊನೆಯ ಬಣ್ಣದ ಪಕ್ಕ ಅದನ್ನು ಹಿಡಿದು, ರಕ್ತ ತೀರಾ ಕಡಿಮೆ ಎಂದು ನನ್ನ ಮುಖ ನೋಡಿದಳು.

"ನಿಮ್ಮ ಕಾಗದಾನ ಕೆಟ್ಟೈತಿ" ಎಂದಳು ಚಂಪವ್ವ. "ನಮ್ಮ ಮನ್ಯಾಗ ನಾಕು ಎಮ್ಮಿ ಹಿಂಡತಾವ್ರಿ. ತುಪ್ಪ, ಬೆಲ್ಲ, ಶೇಂಗಾ, ಯಾವುದಕ್ಕ ಕಡಿಮಿ ಐತಿ? ನಾ ಸೊಸೀನ ಉಪಾಸ ಕೆಡವೇನೇನು?"

ರಕ್ತ ಹೆಚ್ಚಲೆಂದು ಮೊದಲೇ ಕೊಟ್ಟ ಗುಳಿಗೆ ನುಂಗುತ್ತೀಯಾ ಎಂದು ವಿಮಲಾ ಕೇಳಿದಳು. ಹೊಟ್ಟೆ ತೊಳಸಿ ವಾಂತಿಯಾಗುತ್ತದೆ, ಬಿಟ್ಟಿದ್ದೇನೆ ಎಂದಳು ಸುನಂದಾ. ಈ ಸಲವೂ ಎಂಟಕ್ಕೇ ಹೆರಿಗೆಯಾದರೆ ಕೂಸಿನ ಜೊತೆ ತಾಯಿಯೂ ಉಳಿಯುವುದು ಕಷ್ಟ ಎಂದು ಹೊರಗೆ ಬಂದ ಮೇಲೆ ವಿಮಲಾ ನನ್ನೊಬ್ಬಳಿಗೇ ಹೇಳಿದಳು. ತುಂಬಿದ ಮನೆಯಲ್ಲಿ ಈ ರಕ್ತ ಎಲ್ಲಿ ಹೋಯಿತು? ನನ್ನ ಪುಸ್ತಕಜ್ಞಾನಕ್ಕೆ ತಿಳಿಯಲೇ ಇಲ್ಲ.

ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಅನ್ನ-ನೀರು ಮುಟ್ಟುವುದಿಲ್ಲ. ಅಹಿಂಸೆಯ ವ್ರತ, ತಲೆತಲಾಂತರದಿಂದ ಬಂದದ್ದು. ಬೇಗ ಉಣ್ಣುವುದು ಒಳ್ಳೆಯದೆಂದು ನಾನೂ ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಚಂಪವ್ವನದು ಒಪ್ಪೊತ್ತಿನ ಊಟ. ಮಧ್ಯಾಹ್ನ ಒಮ್ಮೆ ಉಂಡರೆ ಮುಗಿಯಿತು. ಸಂಜೆ ಆಕೆ ಬಸದಿಗೆ ಹೋಗುತ್ತಿದ್ದಳು, ಆ ದಿನ ವಿಮಲಾಳೂ ಜೊತೆಗೆ ಹೋದಳು. ಕಬ್ಬಿನ ಸುಗ್ಗಿಯಾದ್ದರಿಂದ ಗಂಡಸರು ಹೊಲದಿಂದ ಬಂದಾಗ ಐದೂವರೆ ದಾಟಿತ್ತು. ಬೀಗರಿಗೆ ಕೊಡುವ ಮರ್ಯಾದೆ ಕೊಟ್ಟು ನನ್ನನ್ನೂ ಅವರ ಸಾಲಿನಲ್ಲೇ ಮಣೆಯ ಮೇಲೆ ಕೂಡಿಸಿದರು. ಬಿಸಿ ಜೋಳದ ರೊಟ್ಟಿ, ಮಡಕೆ ಕಾಳಿನ ಪಲ್ಯೆ, ಶೇಂಗಾ ಚಟ್ನಿ, ಕೆನೆಮೊಸರು. ಅಂಥ ರೊಟ್ಟಿ ನಾನು ಧಾರವಾಡದಲ್ಲೂ ತಿಂದಿರಲಿಲ್ಲ.

ನನಗೆ ಮಾತಿನ ಹುಚ್ಚು. ಅಣ್ಣಾಸಾಹೇಬ ಸಭ್ಯ, ಕೇಳಿದ್ದಕ್ಕೆಲ್ಲ "ಹೌದ್ರಿ, ಖರೇ ಐತ್ರಿ" ಎನ್ನುತ್ತಿದ್ದ. ಬಸುರಿಗೆ ಒಂದು ತುತ್ತು ಹೆಚ್ಚೇ ಬೇಕು, ಸಂಜೆಯ ಊಟವನ್ನಂತೂ ತಪ್ಪಿಸಲೇಬಾರದು ಎಂದು ಅವನಿಗೆ ವಿವರಿಸಿದೆ. ನಡುವೆ "ಇನ್ನೊಂದು ಅರ್ಧ ಬಿಸೀದು ಹಾಕವ್ವ" ಎಂದು ಸುನಂದಾಗೆ ಹೇಳಿದೆ. ಆಕೆ ಅರ್ಧ ಹಾಕಲಿಲ್ಲ, ಹೊಸದಾಗಿ ಒಂದು ಬಡಿದು ಹಾಕಿದಳು. ನಾನು ಮಾತಾಡುತ್ತಾ ಅದನ್ನೂ ನಿಧಾನಕ್ಕೆ ಮುಗಿಸಿದೆ. ಕೈ ತೊಳೆಯಲು ಅಂಗಳಕ್ಕೆ ಬಂದಾಗ ಪಡುವಣದಲ್ಲಿ ಕೆಂಪು ಮಾತ್ರ ಉಳಿದಿತ್ತು.

ತಾಟು ಎತ್ತಿಕೊಂಡು ಒಳಗೆ ಹೋದರೆ ಸುನಂದಾ ಒಲೆಯ ಕೆಂಡಕ್ಕೆ ಬೂದಿ ಮುಚ್ಚುತ್ತಿದ್ದಳು. ಬುಟ್ಟಿಯಲ್ಲಿ ನಾಲ್ಕು ರೊಟ್ಟಿ, ಮೇಲೆ ಬಿಳಿ ಅರಿವೆ.

"ಕುಂಡ್ರವ್ವ, ನಾ ಬಡಸ್ತೇನಿ" ಎಂದೆ.

"ಬ್ಯಾಡ್ರಿ ಅಕ್ಕೋರ. ಹೊತ್ತು ಮುಳಗೇತಿ."

ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. "ಮತ್ತ ನೀ ಯಾವಾಗ ಉಂಡಿ?"

"ಮುಂಜಾನಿ ಹನ್ನೊಂದಕ್ಕ ಉಂಡೇನ್ರಿ. ಇನ್ನ ನಾಳೆ ಹೊತ್ತು ಹುಟ್ಟಿದ ಮ್ಯಾಲೆ ಚಾ."

"ದಿನಾ ಹಿಂಗಽ?"

"ದಿನಾ ಅಲ್ರಿ. ಇವರು ಲಗೂ ಬಂದ್ರ ಉಣ್ತೇನಿ. ಈಗ ಕಬ್ಬಿನ ಸುಗ್ಗಿ, ಹಗಲೂ ಸಣ್ಣದಾಗೇತಿ. ದೀಪಾವಳಿಯಿಂದ ಭಾಳ ಮಾಡಿ ಆಗವಲ್ದು."

"ಅವರಿಗಿಂತ ಮೊದಲ ಒಂದು ರೊಟ್ಟಿ ತಿಂದ್ರ ಯಾರರ ಬ್ಯಾಡ ಅಂತಾರೇನು?"

"ಯಾರೂ ಅಂದಿಲ್ರಿ" ಎಂದಳು ಆಕೆ, ನಾನು ಏನೋ ವಿಚಿತ್ರ ಕೇಳಿದೆನೆಂಬಂತೆ. "ಆದ್ರ ಗಂಡಸ್ರು ಉಣ್ಣೂಕಿಂತ ಮೊದಲ ಹೆಂಗ ಉಣ್ಣೂದು?"

ಹನ್ನೊಂದರಿಂದ ಮರುದಿನದ ಮುಂಜಾನೆಯವರೆಗೆ, ಹೊಟ್ಟೆಯಲ್ಲಿ ಏಳು ತಿಂಗಳ ಕೂಸಿನೊಂದಿಗೆ! ವ್ರತದಲ್ಲಿ ಸೊಸೆ ಕೊನೆಗೆ ಉಣ್ಣಬೇಕೆಂದು ಎಲ್ಲೂ ಇಲ್ಲ. ಬಡಿಸುವವಳು ಕೊನೆಗೆ ಎಂಬುದು ನನ್ನ ಮನೆಯಲ್ಲೂ ಇದೆ. ಎರಡೂ ಈ ಒಲೆಯ ಮುಂದೆ ಒಟ್ಟಿಗೆ ಸೇರಿದ್ದವು, ಅಷ್ಟೇ. ಇದಕ್ಕಿಂತ ದೊಡ್ಡ ಆಘಾತ ಬೇರೆಯಿತ್ತು. ಆ ದಿನ ಅವಳ ಊಟ ತಪ್ಪಿಸಿದವಳು ನಾನು. ಸಂಜೆಯ ಊಟ ತಪ್ಪಿಸಬಾರದೆಂದು ಭಾಷಣ ಮಾಡುತ್ತ, ಅವಳ ಹೊತ್ತನ್ನು ನಾನು ಉಂಡಿದ್ದೆ. ನಾಚಿಕೆಯಿಂದ ನನಗೆ ಅಳು ಬಂತು.

ಬಸದಿಯಿಂದ ಬಂದ ಚಂಪವ್ವ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆಕೆಗೆ ಗೊತ್ತೇ ಇರಲಿಲ್ಲ. ಸೊಸೆ ಒಲೆಯ ಮುಂದೆಯೇ ಉಂಡಿರುತ್ತಾಳೆಂದು ತಿಳಿದಿದ್ದಳು. ಮೊದಲು ಸಿಟ್ಟು ಬಂತು. "ನಾನೂ ಹಂಗಽ ಬಾಳೇ ಮಾಡೇನ್ರಿ ಈ ಮನ್ಯಾಗ. ನನಗೇನಾತು? ಎಂಟು ಹಡದೇನಿ, ಮೂರು..."

ಅಲ್ಲಿಗೆ ಮಾತು ನಿಂತಿತು. ಬದುಕಿ ಉಳಿದ ಆ ಮೂರು ಮಕ್ಕಳು ಹೊರಗೆ ಪಡಸಾಲೆಯಲ್ಲಿ ಕಬ್ಬಿನ ಮಾತಾಡುತ್ತ ಕೂತಿದ್ದರು. ಚಂಪವ್ವ ಕಂಬ ಹಿಡಿದು ನೆಲಕ್ಕೆ ಕೂತಳು.

ಬೆಳಿಗ್ಗೆ ಆಕೆ ನನ್ನ ಮುಖ ನೋಡದೆ ನಾಲ್ಕು ಶೇಂಗಾ ಉಂಡಿ ಕಟ್ಟಿಕೊಟ್ಟಳು. ಮುನಿದಿದ್ದಾಳೆ ಎಂದುಕೊಂಡೇ ಬಸ್ಸು ಹತ್ತಿದೆ. ಹೊಟ್ಟೆ ತುಂಬ ಉಂಡ ಮೇಲೆ ಗುಳಿಗೆ ನುಂಗಬೇಕು, ಎರಡು ದಿನದೊಳಗೆ ಚಿಕ್ಕೋಡಿಯ ಡಾಕ್ಟರಿಗೆ ತೋರಿಸಬೇಕು ಎಂದು ವಿಮಲಾ ಮಾತ್ರ ಎರಡೆರಡು ಸಲ ಹೇಳಿದ್ದಳು.

ರಾಯಬಾಗದಲ್ಲಿ ಚಾರ್ಟಿನ ಸುರುಳಿ ಬಿಚ್ಚಲೇ ಇಲ್ಲ. "ನಿನ್ನೆ ಸಂಜಿಕ ನಿಮ್ಮ ಮನ್ಯಾಗ ಕಡೇಕ ಉಂಡಾಕಿ ಯಾರು? ಆಕಿಗೆ ಏನು ಉಳದಿತ್ತು?" ಎಂದು ಕೇಳಿದೆ. ಹೆಂಗಸರು ಮೊದಲು ನಕ್ಕರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಅಥಣಿಯಲ್ಲೂ ಹಾಗೇ ಆಯಿತು. ಅಲ್ಲಿಂದ ಕೃಷ್ಣೆಯ ದಂಡೆಯ ಸತ್ತಿ ಎಂಬ ಊರಿಗೆ ಹೋದಾಗ ಎಮ್ಮೆ ಕಾಯುವ ಒಬ್ಬಾಕೆ, ನರ್ಸ್ ಕೊಟ್ಟ ರಕ್ತದ ಗುಳಿಗೆಗಳನ್ನು ಗಬ್ಬದ ಎಮ್ಮೆಯ ಹಿಂಡಿಯಲ್ಲಿ ಹಾಕಿದೆನೆಂದು ಹೆಮ್ಮೆಯಿಂದ ಹೇಳಿದಳು. ಆಕೆಯೂ ಬಸುರಿ. "ಅದು ಈದ್ರ ಹಾಲು ಕೊಡತೈತ್ರಿ" ಎಂದಳು.

ಆರನೆಯ ದಿನ ಕಾಗವಾಡದ ಸಭೆ ಬೇಗ ಮುಗಿಯಿತು. ನದಿ ದಾಟಿ ಚಿಕ್ಕೋಡಿಗೆ ಬಂದರೆ ಬೆಳಗಾವಿಯ ಬಸ್ಸು ಹೊರಡಲು ಸಿದ್ಧವಾಗಿತ್ತು. ನಾನು ಪಕ್ಕದ ಏಕಸಂಬಿಯ ಬಸ್ಸು ಹತ್ತಿದೆ. ಐದೂ ಕಾಲಿಗೆ ಚಂಪವ್ವನ ಅಂಗಳದಲ್ಲಿದ್ದೆ. ಒಲೆಯ ಮುಂದೆ ಚಂಪವ್ವನೇ ಕೂತು ರೊಟ್ಟಿ ಬಡಿಯುತ್ತಿದ್ದಳು. ಸುನಂದಾ ಚಿಕ್ಕೋಡಿಯ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದಳು. ಮುಖದ ಬಿಳುಪು ಹಾಗೇ ಇತ್ತು, ನಾಲ್ಕು ದಿನದಲ್ಲಿ ರಕ್ತ ಏರುವುದಿಲ್ಲ. ಆದರೆ ಮೊನ್ನೆ ನನ್ನನ್ನು ಕೂಡಿಸಿದ ಮಣೆಯ ಮೇಲೆ ಆಕೆ ಕೂತಿದ್ದಳು, ಮುಂದೆ ತಾಟು. ಯಾರೋ ಕಸಿದುಕೊಳ್ಳುತ್ತಾರೆಂಬಂತೆ ತಲೆತಗ್ಗಿಸಿ ಗಡಿಬಿಡಿಯಿಂದ ಉಣ್ಣುತ್ತಿದ್ದಳು.

"ಸಾವಕಾಶ ಉಣ್ಣು" ಎಂದು ಸೊಸೆಗೆ ಹೇಳಿ ಚಂಪವ್ವ ನನ್ನ ಕಡೆ ತಿರುಗಿದಳು. "ಬರ್ರಿ ಅಕ್ಕೋರ. ಇವತ್ತ ನಿಮಗ ಕಡೇಕ."

ಅಷ್ಟರಲ್ಲಿ ಹೊಲದಿಂದ ಬಂದ ಅಣ್ಣಾಸಾಹೇಬ ಕೈಕಾಲು ತೊಳೆದು ಬಾಗಿಲಿಗೆ ಬಂದ. ಹೆಂಡತಿ ಏಳಲು ಹೋದಳು. ಚಂಪವ್ವ ಹಿಟ್ಟಿನ ಕೈಯಿಂದಲೇ ಅವಳ ಹೆಗಲು ಒತ್ತಿ ಕೂಡಿಸಿ, ತಟ್ಟೆಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು.

ಮಗ ಹೊರಗೆ ನೋಡಿ ಮೆಲ್ಲಗೆ, "ಯವ್ವಾ, ಹೊತ್ತು ಮುಳಗಾಕತ್ತೈತಿ" ಎಂದ.

"ಗೊತ್ತೈತಿ" ಎಂದಳು ಚಂಪವ್ವ. "ನಿನಗ ಇವತ್ತ ಗೊತ್ತಾತು."

ಕಡೆಯ ಬಸ್ಸಿಗೆ ನಾನು ಅಂಗಳ ದಾಟಿ ತಿರುಗಿ ನೋಡಿದಾಗ, ಅಣ್ಣಾಸಾಹೇಬ ಒದ್ದೆ ಕೈಯಲ್ಲಿ ಹೊಸ್ತಿಲ ಮೇಲೆ ನಿಂತು, ಕಬ್ಬಿನ ಹೊಲದ ಆಚೆ ಇಳಿಯುತ್ತಿದ್ದ ಸೂರ್ಯನನ್ನು ನೋಡುತ್ತಿದ್ದ.