ಬರಿ ಮಣೆಯ ಸಪ್ಪಳ

ಎಪ್ಪತ್ತರ ದಶಕದಲ್ಲಿ ಕಾನ್ವೆಂಟ್ ಹಾಸ್ಟೆಲ್ಲಿನಿಂದ ದೇವರ ಹಿಪ್ಪರಗಿಗೆ ಬಂದಾಗಲೆಲ್ಲ ನಮ್ಮ ಹಿತ್ತಿಲಾಚೆ ಒಬ್ಬಳೇ ಇದ್ದ ಅಜ್ಜಿಯೊಬ್ಬಳ ಮನೆಗೆ ಹೋಗುತ್ತಿದ್ದೆ. ಊಟವಾಯಿತೇ ಎಂದರೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ಈಗರ ಆತವಾ" ಎನ್ನುವಳು.

ಒಂದು ಬೆಳಿಗ್ಗೆ ಸರ್‌ಪ್ರೈಸ್ ಕೊಡಲು ಒಳಗೆ ನುಗ್ಗಿದೆ. ಹಿಟ್ಟಿಲ್ಲದ ಬರಿ ಮಣೆಯ ಮೇಲೆ, ರೊಟ್ಟಿ ಬಡಿಯುವಂತೆ ಪಟಪಟ ಕೈ ಬಡಿಯುತ್ತಿದ್ದಳು. ನನ್ನನ್ನು ನೋಡಿದರೂ ನಿಲ್ಲಿಸಲಿಲ್ಲ.

"ಸಪ್ಪಳ ಕೇಳ್ಲಿಲ್ಲಂದ್ರ ಬಾಜೂದಾಕಿ ರೊಟ್ಟಿ ತರ್ತಾಳವಾ. ಆಕಿ ಮನ್ಯಾಗೂ ಇರೂವು ಎರಡ."

ಅಷ್ಟರಲ್ಲಿ ಆ ನೆರೆಯಾಕೆ ರೊಟ್ಟಿ ಹಿಡಿದು ಬಂದೇಬಿಟ್ಟಳು.

"ಏನ್ ಬಡ್ಯಾಕತ್ತೀಬೇ ಮುದುಕಿ? ಒಲಿ ಹೊಗಿ ಎಲ್ಲೈತಿ?"

ಅಜ್ಜಿ ಸಿಕ್ಕಿಬಿದ್ದ ಕೂಸಿನಂತೆ ಪಕಪಕ ನಕ್ಕು, ರೊಟ್ಟಿಯನ್ನು ಮೂರು ಪಾಲು ಮಾಡಿದಳು. ನಾನು ಪೊಲೈಟಾಗಿ, "ನೋ, ಥ್ಯಾಂಕ್ಯೂ" ಎಂದೆ.

"ನೀ ತಿನ್ನಲಿಲ್ಲಂದ್ರ ನಾನೂ ತಿನ್ನಂಗಿಲ್ಲ."

ತಿಂದೆ.