ಲಿಂಗಕ್ಕೆ ಏರಿಸಿದ ಕಾಯಿ

ಮುದುಕಿಯರು ಯಾರೇ ಬರಲಿ, ರೋಹಿಣಿ ಸಿಸ್ಟರ್ ನಾಡಿ ಹಿಡಿಯುವ ಮೊದಲು ಅವರ ಸೆರಗಿನ ಗಂಟು ಬಿಚ್ಚುತ್ತಾಳೆ. ಕಾಶಿಯ ಭೇಲೂಪುರದ ನಮ್ಮ ಪುಟ್ಟ ಆಸ್ಪತ್ರೆಯ ಹೊಸ ನರ್ಸುಗಳು ಇದಕ್ಕೆ ನಗುತ್ತಾರೆ. ನಾನು ನಗುವುದಿಲ್ಲ. ಇದಕ್ಕೆ ಕಾರಣವಾದ ದಿನ ಡ್ಯೂಟಿ ಡಾಕ್ಟರ್ ನಾನೇ ಆಗಿದ್ದೆ.

2003, ಶಿವರಾತ್ರಿಯ ಮರುದಿನ ಬೆಳಗ್ಗೆ. ಜಂಗಮವಾಡಿಯ ಬಾಡಿಗೆ ಕೋಣೆಯಿಂದ ಕೃಷ್ಣಮ್ಮ ಎಂಬ ವಿಧವೆಯನ್ನು ರಿಕ್ಷಾದಲ್ಲಿ ತಂದರು. ಬಿಜಾಪುರ ಕಡೆಯವರು, ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಬಂದಿದ್ದರು. ಗಾಳಿಯಲ್ಲಿ ಏನನ್ನೋ ಆಯುತ್ತ, ಸತ್ತ ಗಂಡನನ್ನು ಮಾತಾಡಿಸುತ್ತಿದ್ದರು. ಕಾಶಿಯಲ್ಲಿ ಸಾಯುವವರ ಕಿವಿಯಲ್ಲಿ ಶಿವನೇ ಮಂತ್ರ ಹೇಳುತ್ತಾನಂತೆ. 'ಬಾಬಾ ವಿಶ್ವನಾಥ ಬಂದಿದ್ದಾರೆ' ಎಂದು ಜೊತೆಗಿದ್ದವರು ಕೈಮುಗಿದರು. ನಾನು, ಮಹಾ ಬುದ್ಧಿವಂತೆ, 'ವಯಸ್ಸು, ಜ್ವರ' ಎಂದು ಬರೆದು ಮುಂದಿನ ಮಂಚಕ್ಕೆ ಹೋದೆ. ಧಾರವಾಡದ ರೋಹಿಣಿ ಅವರ ಕೈ ಹಿಡಿದು ಕೂತಳು. ನೀರು ಕೇಳಿದಾಗ, ಸಾಯುವವರಿಗೆ ಬಿಡುವಂತೆ, ಬಾಯಿಗೆ ಎರಡು ಹನಿ ಗಂಗಾಜಲ ಬಿಟ್ಟಳು. ಮಧ್ಯಾಹ್ನ ಉಸಿರು ನಿಂತಿತು. ಮೈ ಒರೆಸುವಾಗ ಸೆರಗಿನ ಗಂಟಿನಲ್ಲಿ ವಿಭೂತಿಯ ಜೊತೆ ಅರ್ಧ ದತ್ತೂರಿ ಕಾಯಿ ಸಿಕ್ಕಿತು.

ಇಲ್ಲಿನವರು ಶಿವನಿಗೆ ದತ್ತೂರಿ ಏರಿಸಿ ಅಲ್ಲೇ ಬಿಟ್ಟು ಬರುತ್ತಾರೆ. ಲಿಂಗಾಯತರಾದ ಕೃಷ್ಣಮ್ಮ ಅದನ್ನು ಕಂಡು ಅಂಗೈಯ ಇಷ್ಟಲಿಂಗಕ್ಕೂ ಏರಿಸಿದ್ದರು. ಲಿಂಗಕ್ಕೆ ಏರಿದ್ದು ಪ್ರಸಾದ, ಪ್ರಸಾದವನ್ನು ಚೆಲ್ಲುವಂತಿಲ್ಲ. ಆ ವಿಷದ ಕಾಯಿಯನ್ನು ತಿಂದುಬಿಟ್ಟಿದ್ದರು. ಅಯ್ಯೋ, ಅರಳಿದ ಆ ಕಣ್ಣುಪಾಪೆ, ಒಣಗಿದ ನಾಲಿಗೆ, ಕೆಂಡದಂಥ ಮೈ, ಎಲ್ಲವೂ ಕೂಗಿ ಹೇಳುತ್ತಿದ್ದವು, ನಾವು ಕೇಳಲಿಲ್ಲ. ಆಮೇಲೆ ಎಷ್ಟೋ ತಿಂಗಳು ರೋಹಿಣಿ ಊಟಕ್ಕೆ ಕೂತರೆ ನೀರಿನ ಲೋಟ ನೋಡಿ ಎದ್ದುಬಿಡುತ್ತಿದ್ದಳು.

ಮೂರು ವರ್ಷದ ಮೇಲೆ, ಮತ್ತೆ ಶಿವರಾತ್ರಿಯ ಮರುದಿನ, ಜಂಗಮವಾಡಿಯ ಇನ್ನೊಂದು ಬಾಡಿಗೆ ಕೋಣೆಯಿಂದ ಅಂಬಾ ಎಂಬ ವಿಧವೆ ಅಜ್ಜಿ ಬಂದರು. ಅವರ ಬಡಬಡಿಕೆಗೆ ಮನೆ ಮಾಲೀಕ ಹೆದರಿ ಕಳಿಸಿದ್ದ. ಕರೆತಂದವರು ಪಕ್ಕದ ಕೋಣೆಯ ಶಿವಬಸಯ್ಯ.

'ತಂಗೀ, ಈಕಿಗೆ ವಿಶ್ವನಾಥ ಕಾಣಾಕ ಹತ್ಯಾನ. ಸೂಜಿಗೀಜಿ ಚುಚ್ಚಬ್ಯಾಡ್ರಿ' ಎಂದರು.

ರೋಹಿಣಿ ಅಜ್ಜಿಯ ಕಣ್ಣಿಗೆ ಟಾರ್ಚ್ ಬಿಟ್ಟಳು. ಪಾಪೆ ಕುಗ್ಗಲಿಲ್ಲ. ಕಿವಿಯ ಹತ್ತಿರ ಬಾಗಿ ಕೇಳಿದಳು, 'ಯವ್ವಾ, ಲಿಂಗಕ್ಕ ಏನ ಏರಿಸೀರಿ?'

'ದತ್ತೂರಿ... ಪ್ರಸಾದ ಚೆಲ್ಲಬಾರದವಾ.'

'ಅಕ್ಕಾರ, ಲಗೂನ ಬರ್ರಿ!' ಎಂದು ಅವಳು ನನ್ನನ್ನು ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ. ವಿಷ ಹೀರುವ ಇದ್ದಿಲ ಪುಡಿ ಕಲಸಿದ ನೀರನ್ನು ನಳಿಕೆಯಿಂದ ಹೊಟ್ಟೆಗಿಳಿಸಿದೆವು. ಕಟ್ಟಿದ್ದ ಮೂತ್ರ ತೆಗೆದೆವು, ಒದ್ದೆ ಬಟ್ಟೆ ಹೊದಿಸಿದೆವು, ಓಡುತ್ತಿದ್ದ ಎದೆಬಡಿತವನ್ನು ಕಾಯುತ್ತ ಕೂತೆವು. ರೋಹಿಣಿ ಎರಡು ದಿನ ಮನೆಗೆ ಹೋಗಲೇ ಇಲ್ಲ.

ಮೂರನೆಯ ದಿನ ಅಜ್ಜಿಗೆ ಅರಿವು ಬಂತು. ನಾವು ಹಿಗ್ಗಿದೆವು. ಅಜ್ಜಿ ರೋಹಿಣಿಯನ್ನು ದುರುಗುಟ್ಟಿ ನೋಡಿದರು.

'ನಮ್ಮನಿಯವರು ನನ್ನ ಕರಿಯಾಕ ಬಾಗಲದಾಗ ನಿಂತಿದ್ರು. ಯಾಕ ಕಳಿಸಿದಿ ಅವರನ್ನ?'

'ಇಲ್ಲಂದ್ರ ನೀವೂ ಹೋಗತಿದ್ರಿ, ಯವ್ವಾ.'

'ಮತ್ತ ನಾ ಕಾಶಿಗೆ ಬಂದದ್ದ್ಯಾಕ?'

ರೋಹಿಣಿ ಬಿಳಿಚಿಕೊಂಡು ಹೊರಗೆ ಬಂದಳು. ಸಮಾಧಾನ ಹೇಳಲು ಹೋಗಿ ನಾನು ಬಾಯಿಗೆ ಬಂದದ್ದು ಅಂದುಬಿಟ್ಟೆ: 'ಕೃಷ್ಣಮ್ಮನಿಗೂ ಅದೇ ಬೇಕಿತ್ತೇನೋ, ಬಿಡೇ.'

ಅವಳು ಗಕ್ಕನೆ ನಿಂತಳು.

'ಇಲ್ರಿ ಅಕ್ಕಾರ. ಆಕಿ ಕಡೀಕ ಕೇಳಿದ್ದು ನೀರು.'

ಒಳಗಿನಿಂದ ಅಜ್ಜಿ ಕೂಗಿದರು, 'ತಂಗೀ, ಬಾಯಿ ಒಣಗೇತಿ, ನೀರು ಕೊಡವಾ.' ರೋಹಿಣಿ ಓಡಿದಳು.