ಟಿಶ್ಯೂ ಪ್ಯಾಕೆಟ್ ಇಟ್ಟಿದ್ದ ಸೀಟು

ಜುರಾಂಗ್ ವೆಸ್ಟ್‌ನ ಸಾಲು ಊಟದಂಗಡಿಗಳಿರುವ ಹಾಕರ್ ಸೆಂಟರ್‌ನಲ್ಲಿ ಊಟದ ತಟ್ಟೆ ಹಿಡಿದು ನಿಂತಿದ್ದೆ. ಖಾಲಿಯಿದ್ದ ಒಂದೇ ಸೀಟಿನ ಮುಂದೆ ಟಿಶ್ಯೂ ಪ್ಯಾಕೆಟ್ ಇತ್ತು. ನಮ್ಮೂರ ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವ ಹಾಗೆ ಇಲ್ಲಿ ಇದು. ಎದುರು ಕೂತಿದ್ದ ಚೀನೀ ಆಂಟಿ ಅದನ್ನು ಎತ್ತಿಕೊಂಡು, "ಕೂತ್ಕೋ ಲಾ. ಮಗನಿಗೆ ಅಂತ ಇಟ್ಟಿದ್ದೆ, ಇವತ್ತೂ ಬರಲಿಲ್ಲ" ಎಂದರು, ಇಲ್ಲಿಯವರ 'ಲಾ' ಸೇರಿಸುವ ಇಂಗ್ಲಿಷಿನಲ್ಲಿ.

ಟಿವಿಯಲ್ಲಿ ಇಲ್ಲಿನ ಪಾರ್ಲಿಮೆಂಟ್ ಚರ್ಚೆ ಬರುತ್ತಿತ್ತು. 'ಐಸ್' ಎನ್ನುವ ಡ್ರಗ್ ವಿರುದ್ಧ ಕಾನೂನು ಇನ್ನಷ್ಟು ಬಿಗಿಯಾಗಲಿದೆಯಂತೆ. ಒಳ್ಳೆಯದೇ ಆಯ್ತು ಎಂದೆ, ಮಾತಿಗೆ.

ಆಂಟಿ ಚಮಚ ಕೆಳಗಿಟ್ಟರು. "ಮಗ ಐಸ್ ತಗೋತಾನೆ ಅಂತ ಪೊಲೀಸರಿಗೆ ಫೋನ್ ಮಾಡಿದ್ದು ನಾನೇ. ಹಿಡ್ಕೊಂಡು ಹೋಗಿ ಒಳಗೆ ಹಾಕಿದ್ರು. ಜೀವ ಉಳೀತು, ಈಗ ಬಿಡುಗಡೆನೂ ಆಯ್ತು. ನನ್ನ ಜೊತೆ ಊಟಕ್ಕೆ ಮಾತ್ರ ಕೂರಲ್ಲ."

ಅಂಥ ಕಾನೂನಿನ ಸುದ್ದಿ ಓದಿದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು, ನಾನು ಉಂಡು ಎದ್ದಮೇಲೆ ಆಂಟಿ ಆ ಪ್ಯಾಕೆಟ್ಟನ್ನು ಮತ್ತೆ ಅಲ್ಲೇ ಇಟ್ಟದ್ದು.